ಬೇಡ ಅಂದವರಿಗೆ ಬಡಿಸುವುದು

ಕೋಣೆ ತುಂಬ ಜನ ಕೂತಿದ್ದರು, ಆದರೆ ನಗುತ್ತಿದ್ದದ್ದು ಟೇಪ್ ರೆಕಾರ್ಡರ್ ಮಾತ್ರ. ಅದರೊಳಗಿನ ಒಬ್ಬ ಗಂಡಸು, ಒಬ್ಬಳು ಹೆಂಗಸು ಕಾರು ನಿಲ್ಲಿಸುವ ಜಾಗದ ಬಗ್ಗೆ ಏನೋ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇತ್ತ ಚೀನಾದ ಹುಡುಗ ಹುಡುಗಿಯರು ಪೆನ್ಸಿಲ್ ಎತ್ತಿ ಹಿಡಿದು, ಹುಬ್ಬು ಗಂಟಿಕ್ಕಿ, ಆ ನಗುವಿಗೆ ನಾಲ್ಕು ಉತ್ತರಗಳಲ್ಲಿ ಯಾವುದು ಸರಿ ಎಂದು ಹುಡುಕುತ್ತಿದ್ದರು. ನಾನು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದೆ. ನಿಜ ಹೇಳಬೇಕೆಂದರೆ ನನಗೂ ನಗು ಬರಲಿಲ್ಲ. ಗದಗಿನ ಮಹಿಳಾ ಕಾಲೇಜಿನಲ್ಲಿ ಹತ್ತಾರು ವರ್ಷ ಇಂಗ್ಲಿಷ್ ಪಾಠ ಹೇಳಿ ಬಂದವಳು ನಾನು. ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಬೇರೆಯವರ ಕಿವಿಗೆ ಇಂಗ್ಲಿಷ್ ಹತ್ತುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಕಡೆ ಇತ್ತು.

ಇದು ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು. ಈಗ ನಾವು ಶಿಕಾಗೊ ಹತ್ತಿರದ ವುಡ್‌ರಿಡ್ಜ್‌ನಲ್ಲಿದ್ದೇವೆ. ಆಗ ಇದ್ದದ್ದು ಮಿಶಿಗನ್‌ನ ಆನ್ ಆರ್ಬರ್‌ನಲ್ಲಿ. ನಮ್ಮ ಯಜಮಾನರು ಇಕ್ಬಾಲ್ ಅಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಲು ತರಬೇತಿ ಪಡೆಯುತ್ತಿದ್ದರು. ಬೆಳಿಗ್ಗೆ ನಾನು ಏಳುವ ಮೊದಲೇ ಹೋಗುತ್ತಿದ್ದರು. ಊರಿಗೆಲ್ಲ ನಿದ್ದೆ ಮಾಡಿಸುವ ಗಂಡನಿಗೆ ನಿದ್ದೆಯೇ ಇಲ್ಲ ಎಂದು ನಾನು ಊರಿಗೆ ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದೆ.

ಗದಗಿನಲ್ಲಿ ನಮ್ಮದು ಗೋಡೆಗೆ ಗೋಡೆ ಕೂಡಿದ ಓಣಿ. ಪಕ್ಕದ ಮನೆಯ ಒಗ್ಗರಣೆಯ ವಾಸನೆಯಿಂದಲೇ ಅವರ ಮನೆಗೆ ನೆಂಟರು ಬಂದಿದ್ದಾರೋ ಇಲ್ಲವೋ ತಿಳಿಯುತ್ತಿತ್ತು. ಆನ್ ಆರ್ಬರಿನ ಅಪಾರ್ಟ್‌ಮೆಂಟಿನಲ್ಲೂ ಗೋಡೆಗೆ ಗೋಡೆ ಕೂಡಿಯೇ ಇತ್ತು, ಅದೂ ರಟ್ಟಿನಷ್ಟು ತೆಳ್ಳಗೆ. ಪಕ್ಕದವನು ಸೀನಿದರೆ ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಆದರೆ ಸೀನಿದವನು ಯಾರು, ಏನು ಕೆಲಸ, ಮದುವೆಯಾಗಿದೆಯೇ, ವರ್ಷ ಕಳೆದರೂ ತಿಳಿಯಲಿಲ್ಲ. ಎದುರಾದರೆ ಎಲ್ಲರೂ 'ಹೇಗಿದ್ದೀರಿ' ಎಂದು ಕೇಳುತ್ತಾರೆ. ಉತ್ತರ ಕೇಳಲು ಯಾರೂ ನಿಲ್ಲುವುದಿಲ್ಲ. ಮೊದಮೊದಲು ನಾನು ನಿಂತು, ಸ್ವಲ್ಪ ನೆಗಡಿ ಎಂದು ಹೇಳಲು ಶುರು ಮಾಡಿ ಅವರ ಬೆನ್ನು ನೋಡಿ ಸುಮ್ಮನಾಗುತ್ತಿದ್ದೆ.

ಊಟದ್ದು ಇನ್ನೊಂದು ಪಾಡು. ಜೋಳದ ಹಿಟ್ಟು ಎಂದು ತಂದದ್ದು ಮೆಕ್ಕೆಜೋಳದ್ದಾಗಿತ್ತು. ಬಡಿದ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಹರಳು ಹರಳಾಗಿ ಉದುರಿತು. ಹಲಾಲ್ ಮಾಂಸಕ್ಕೆ ಡೆಟ್ರಾಯಿಟ್ ಪಕ್ಕದ ಡಿಯರ್‌ಬರ್ನ್‌ಗೆ ಹೋಗಬೇಕು. ಅಲ್ಲಿನ ಅರಬ್ ಅಂಗಡಿಯವನು ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ ಗಳಗಳ ಅರಬ್ಬಿಯಲ್ಲಿ ಮಾತಾಡಿದ. ಬಾಲ್ಯದಿಂದ ಕುರಾನಿನ ಅರಬ್ಬಿ ಓದಿದ್ದೇನೆ, ಒಂದಕ್ಷರ ತಪ್ಪದೆ ಓದುತ್ತೇನೆ. ಅವನು ಮೂಳೆ ಸಹಿತ ಬೇಕೋ ಬೇಡವೋ ಎಂದು ಕೇಳಿದ್ದು ಮಾತ್ರ ತಿಳಿಯಲಿಲ್ಲ. ಮನೆಯಲ್ಲಿ ನಮ್ಮದು ಕನ್ನಡ ಬೆರೆತ ಉರ್ದು, ಓದಿದ್ದು ಕನ್ನಡ ಶಾಲೆಯಲ್ಲಿ, ಹೊಟ್ಟೆಪಾಡು ಇಂಗ್ಲಿಷಿನದು. ಇಷ್ಟು ಭಾಷೆ ಇಟ್ಟುಕೊಂಡು ಒಂದು ಕೋಳಿ ಕೊಳ್ಳಲು ಬೆರಳು ತೋರಿಸಬೇಕಾಯಿತು. ಆದರೂ ಡಿಯರ್‌ಬರ್ನ್‌ಗೆ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿ, ಸರಿಯಾದ ಎಕ್ಸಿಟ್‌ನಲ್ಲಿ ಇಳಿದು, ಕೋಳಿಯೊಂದಿಗೆ ವಾಪಸು ಬಂದ ದಿನ ನನ್ನ ಪಾಲಿಗೆ ಹಬ್ಬದ ದಿನ.

ಕೆಲಸ ಸಿಕ್ಕಿದ್ದು ಕನ್ನಡಕದ ಅಂಗಡಿಯ ಮೇಲಿನ ಒಂದು ಸಣ್ಣ ಕಚೇರಿಯಲ್ಲಿ. ಇಲ್ಲಿ ಡಾಕ್ಟರೇಟ್ ಮಾಡುವ ಎಷ್ಟೋ ವಿದ್ಯಾರ್ಥಿಗಳು ಕೆಳಗಿನ ತರಗತಿಗಳಿಗೆ ಪಾಠ ಹೇಳಿ ತಮ್ಮ ಓದಿನ ಖರ್ಚು ನಿಭಾಯಿಸುತ್ತಾರೆ. ಹೊರದೇಶದವರಾದರೆ ಆ ಕೆಲಸಕ್ಕೆ ಮೊದಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು: ಒಂದು ಭಾಗ ಓದಿ ಅರ್ಥ ಮಾಡಿಕೊಳ್ಳುವುದು, ಇನ್ನೊಂದು ಭಾಗ ಕೇಳಿ ಅರ್ಥ ಮಾಡಿಕೊಳ್ಳುವುದು. ಪ್ರಶ್ನೆಪತ್ರಿಕೆ ತಯಾರಿಸಿ ಪರೀಕ್ಷೆ ನಡೆಸುವುದು ನಮ್ಮ ಕಚೇರಿಯ ಕಸುಬು. ಬರುವವರಲ್ಲಿ ಮುಕ್ಕಾಲು ಪಾಲು ಚೀನಾ, ತೈವಾನ್ ಕಡೆಯವರು. ಕಚೇರಿಯ ಮುಖ್ಯಸ್ಥೆ ಕ್ಯಾರಲ್, ಮಾತು ಕಡಿಮೆ, ಗುಣ ಒಳ್ಳೆಯದು. ಟೇಪಿನ ಸಂಭಾಷಣೆ ಬರೆಯುವವನು ಡ್ಯಾನ್, ಅವನಿಗೆ ತಾನು ಬರೆದ ಪ್ರತಿ ಸಾಲೂ ಹೆತ್ತ ಮಗುವಿನ ಹಾಗೆ.

ಓದುವ ಭಾಗದಲ್ಲಿ ಚೀನಾದ ಹುಡುಗರನ್ನು ಹಿಡಿಯುವವರಿಲ್ಲ. ಹಿಮಗಡ್ಡೆಯ ಬಗ್ಗೆಯೋ ಹಳೆಯ ಕಾಲುವೆಗಳ ಬಗ್ಗೆಯೋ ಎರಡು ಪುಟ ಕೊಟ್ಟರೆ, ಮೊದಲು ಪ್ರಶ್ನೆ ನೋಡಿ, ಆಮೇಲೆ ಉತ್ತರ ಇರುವ ಸಾಲಿಗೆ ನೇರ ಹೋಗಿ ಕೈ ಇಡುತ್ತಿದ್ದರು. ಥೇಟ್ ನಮ್ಮ ಗದಗಿನ ಹುಡುಗಿಯರ ಹಾಗೆ. ನಾವೂ ಅವರೂ ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು. ಪುಸ್ತಕ ಇತ್ತು, ಬಾಯಿ ಇರಲಿಲ್ಲ. ಟೇಪ್ ತಿರುಗಲು ಶುರುವಾದ ಕೂಡಲೇ ಅದೇ ಮುಖಗಳು ಬಾಡುತ್ತಿದ್ದವು. ಆಗ ನನಗೆ ಅವರ ಮೇಲೆ ಬರುತ್ತಿದ್ದದ್ದು ಕನಿಕರವಲ್ಲ, ಒಂದೇ ಊರಿನವರನ್ನು ಕಂಡಾಗ ಬರುವ ಸಲಿಗೆ.

ಅವರಲ್ಲಿ ಒಬ್ಬಳು ವೆನ್. ಚೆಂಗ್ಡು ಊರಿನವಳು, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು, ನಮ್ಮ ಕೆಳಗಿನ ಮನೆಯಲ್ಲೇ ಇದ್ದಳು. ಪರಿಚಯವಾದದ್ದು ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ನನ್ನ ಸೀರೆ ಒಣಗಿಸುವ ಯಂತ್ರದೊಳಗೆ ಹಗ್ಗವಾಗಿ ಸುತ್ತಿಕೊಂಡಿತ್ತು. ಆ ತುದಿ ಅವಳು ಈ ತುದಿ ನಾನು ಹಿಡಿದು ಬಿಡಿಸಿದೆವು. ಅಂದಿನಿಂದ ಭಾನುವಾರ ಮಧ್ಯಾಹ್ನ ಮೇಲೆ ಬರುತ್ತಿದ್ದಳು. ಅವಳು ಟೊಮೆಟೊ ಹಾಕಿ ಹುರಿದ ಮೊಟ್ಟೆ ತರುತ್ತಿದ್ದಳು, ನಾನು ಚಪಾತಿ ಮಾಡುತ್ತಿದ್ದೆ. ಪಕ್ಕಕ್ಕಿಟ್ಟ ಶೇಂಗಾ ಹಿಂಡಿಯನ್ನು, ಆ ಖಾರದ ಚಟ್ನಿಪುಡಿಯನ್ನು, ಚಮಚದಲ್ಲಿ ತಿನ್ನುವ ಮನುಷ್ಯಳನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ವರ್ಷ ವಸಂತದಲ್ಲಿ ಅವಳ ಪ್ರೊಫೆಸರರಿಗೆ ಬರುತ್ತಿದ್ದ ಸಂಶೋಧನೆಯ ನೆರವು ನಿಂತಿತು. ಡಾಕ್ಟರೇಟ್ ಮುಗಿಯುವವರೆಗೆ ಉಳಿಯಬೇಕಾದರೆ ಪಾಠ ಹೇಳುವ ಜಾಗ ಸಿಗಬೇಕು, ಅದಕ್ಕೆ ನಮ್ಮ ಪರೀಕ್ಷೆ ಪಾಸಾಗಬೇಕು. ಓದುವ ಭಾಗ ಅವಳಿಗೆ ನೀರು ಕುಡಿದಷ್ಟು ಸುಲಭ. ಕೇಳುವ ಭಾಗದಲ್ಲಿ ಹಿಂದಿನ ಸಲ ನಪಾಸಾಗಿದ್ದಳು. ಈ ಸಲವೂ ಆದರೆ ಅವಳ ವಿಭಾಗದವರು ಇನ್ನೊಂದು ಅವಕಾಶ ಕೊಡುವುದಿಲ್ಲ.

"ಟೇಪ್ ಕೇಳುವಾಗ ಒಂದು ಮಾತು ತಪ್ಪಿದರೆ ಅದನ್ನೇ ಯೋಚಿಸುತ್ತಾ ಮುಂದಿನ ಮೂರು ಮಾತು ಬಿಟ್ಟುಬಿಡುತ್ತೇನೆ," ಎಂದಳು ವೆನ್. "ನೀವು ಹೇಗೆ ಕಲಿತಿರಿ?"

"ಕಲಿತಿಲ್ಲ," ಎಂದೆ. "ಗೊತ್ತಾದವಳ ಹಾಗೆ ತಲೆ ಆಡಿಸುತ್ತೇನೆ."

ಅವಳು ನಕ್ಕಳು. ಪರೀಕ್ಷೆಯ ಬಗ್ಗೆ ಅದಕ್ಕಿಂತ ಹೆಚ್ಚು ನಾವು ಮಾತಾಡಲಿಲ್ಲ. ನಾನು ಅಲ್ಲಿ ಕೆಲಸ ಮಾಡುವವಳು, ಆಡುವ ಹಾಗಿರಲಿಲ್ಲ, ಅವಳೂ ಕೇಳಲಿಲ್ಲ. ಆದರೆ ಅವಳು ಪಾಸಾಗಲಿ ಎಂದು ಐದು ಹೊತ್ತೂ ಬೇಡಿಕೊಂಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಕಚೇರಿಯಲ್ಲಿ ನನಗೆ ಬಡ್ತಿ ಸಿಕ್ಕಿತ್ತು. ಪ್ರಶ್ನೆಪತ್ರಿಕೆಯ ಕರಡಿನಲ್ಲಿ ನಾನು ಹಿಡಿಯುತ್ತಿದ್ದ ತಪ್ಪುಗಳನ್ನು ನೋಡಿ ಕ್ಯಾರಲ್ ನನ್ನನ್ನು ಕಾವಲಿನ ಕುರ್ಚಿಯಿಂದ ಎಬ್ಬಿಸಿ ಒರೆಗಲ್ಲಿನ ಗುಂಪಿಗೆ ಸೇರಿಸಿದ್ದರು. ಒರೆಗಲ್ಲು ಎನ್ನುವುದು ನಾನಿಟ್ಟ ಹೆಸರು. ಪದ್ಧತಿ ಹೀಗೆ: ಪ್ರತಿ ಪರೀಕ್ಷೆಯನ್ನೂ ಇಂಗ್ಲಿಷ್ ಚೆನ್ನಾಗಿ ಬಲ್ಲ ಕೆಲವರು ಅದೇ ದಿನ ಬೇರೆ ಕೋಣೆಯಲ್ಲಿ ಕೂತು ಬರೆಯಬೇಕು. ಅವರಲ್ಲಿ ಒಬ್ಬರು ಒಂದು ಪ್ರಶ್ನೆ ತಪ್ಪಿದರೂ ಐಬು ಪ್ರಶ್ನೆಯಲ್ಲಿದೆ ಎಂದು ಅದನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ಆಮೇಲೆ ಉಳಿದ ಪ್ರಶ್ನೆಗಳಲ್ಲಿ ನೂರಕ್ಕೆ ಎಷ್ಟು ಸರಿ ಎಂಬುದರ ಮೇಲೆ ಫಲಿತಾಂಶ. ಗುಂಪಿನಲ್ಲಿ ನಾನೊಬ್ಬಳೇ ಹೊರಗಿನವಳು, ಉಳಿದವರೆಲ್ಲ ಮಿಶಿಗನ್‌ನಲ್ಲಿ ಹುಟ್ಟಿ ಬೆಳೆದವರು. ನಾನು ಸೆರಗು ಸರಿ ಮಾಡಿಕೊಂಡು ಅವರ ನಡುವೆ ಕೂರುವಾಗ ನಮ್ಮ ಪ್ರಿನ್ಸಿಪಾಲರು ಇದನ್ನು ನೋಡಬೇಕಿತ್ತು ಅನ್ನಿಸುತ್ತಿತ್ತು.

ವೆನ್ ಬರೆದ ಪರೀಕ್ಷೆಯನ್ನು ನಾನೂ ಆ ದಿನ ಬರೆದೆ. ಟೇಪಿನಲ್ಲಿ ಒಂದು ಸಂಭಾಷಣೆ ಬಂತು. ಒಬ್ಬ ಯುವಕ ಯಾರದೋ ಮನೆಗೆ ಊಟಕ್ಕೆ ಹೋಗಿದ್ದಾನೆ. ಮನೆಯಾಕೆ, ಇನ್ನೊಂದು ತುಂಡು ಪೈ ಹಾಕಲೇ ಎಂದು ಕೇಳುತ್ತಾಳೆ. ಪೈ ಎಂದರೆ ಹಣ್ಣಿನ ಹೂರಣ ತುಂಬಿ ಬೇಯಿಸಿದ ತಟ್ಟೆಯಗಲದ ಸಿಹಿ. ಆತ, ಬೇಡ, ತುಂಬಾ ಚೆನ್ನಾಗಿತ್ತು, ಥ್ಯಾಂಕ್ಯೂ ಎನ್ನುತ್ತಾನೆ. ಪ್ರಶ್ನೆ: ಆಕೆ ಈಗ ಏನು ಮಾಡಬಹುದು?

ನಾನು ಯೋಚನೆಯನ್ನೇ ಮಾಡಲಿಲ್ಲ. ಇನ್ನೊಂದು ತುಂಡು ಬಡಿಸುತ್ತಾಳೆ ಎಂಬುದಕ್ಕೆ ಗುರುತು ಹಾಕಿದೆ. ಬಡಿಸದೆ ಇನ್ನೇನು ಮಾಡುತ್ತಾಳೆ?

ಗದಗಿನಲ್ಲಿ ಮೊದಲ ಬೇಡಕ್ಕೆ ಬೆಲೆಯೇ ಇಲ್ಲ. ಅದು ಬಂದವರ ಮರ್ಯಾದೆ. ಎರಡನೆಯ ಸಲ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ. ಆಗ ಬೆರಳ ಸಂದಿಯಲ್ಲಿ ರೊಟ್ಟಿ ತೂರಿಸಬೇಕು. "ಸಾಕ್ರೀ ಅಕ್ಕಾರ, ಹೊಟ್ಟಿ ತುಂಬೇತಿ" ಎಂದರೆ "ಅದೆಂಗ ತುಂಬತೈತ್ರೀ, ಏನೂ ಉಂಡೇ ಇಲ್ಲ ನೀವು" ಎನ್ನಬೇಕು. ಬೇಡ ಅಂದ ಕೂಡಲೇ ಪಾತ್ರೆ ಎತ್ತಿಟ್ಟ ಮನೆಯ ಸುದ್ದಿಯನ್ನು ಓಣಿಯವರು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಈ ಚಾಳಿ ಇಲ್ಲಿಗೆ ಬಂದವರನ್ನೂ ಅಷ್ಟು ಬೇಗ ಬಿಡುವುದಿಲ್ಲ. ಮೊನ್ನೆ ವುಡ್‌ರಿಡ್ಜ್‌ನಲ್ಲಿ ಮೈಸೂರಿನ ಶಾಂತಾ ಆಂಟಿ ನನ್ನ ಕಾಗದದ ತಟ್ಟೆಗೆ ಬಿಸಿಬೇಳೆಬಾತ್ ಸುರಿಯುತ್ತಾ, "ನಾಚ್ಕೋಬೇಡಿ, ಇನ್ನೊಂಚೂರು ಹಾಕ್ಕೊಳಿ" ಎನ್ನುತ್ತಿದ್ದರು. ಪಕ್ಕದಲ್ಲಿದ್ದ ಅವರ ಮಗಳು ಕಣ್ಣರಳಿಸಿ, "ಮಾಮ್! ಶಿ ಸೆಡ್ ನೋ!" ಎಂದು ಅವರ ಕೈ ಹಿಡಿದಳು. ಇಲ್ಲಿ ಹುಟ್ಟಿದ ಮಗು, ಅದಕ್ಕೆ ಬೇಡ ಎಂದರೆ ಬೇಡ.

ಡ್ಯಾನ್ ಬರೆದಿದ್ದ ಸರಿ ಉತ್ತರವೂ ಆ ಮಗುವಿನದೇ: ಆಕೆ ಪೈ ಮುಚ್ಚಿ ಒಳಗಿಡುತ್ತಾಳೆ.

ಪರೀಕ್ಷೆ ಆದ ವಾರ ನಮ್ಮ ಮೂವರ ಮೀಟಿಂಗ್ ಇತ್ತು. ಉಳಿದ ಪ್ರಶ್ನೆಗಳಿಗೆಲ್ಲ ಒರೆಗಲ್ಲಿನವರು ಒಂದೇ ದನಿಯಲ್ಲಿ ಸರಿ ಉತ್ತರ ಕೊಟ್ಟಿದ್ದರು, ಪೈ ಪ್ರಶ್ನೆಯಲ್ಲಿ ಮಾತ್ರ ನಾನೊಬ್ಬಳು ಬೇರೆ. ಪರೀಕ್ಷೆ ಬರೆದ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ನನ್ನ ಉತ್ತರವನ್ನೇ ಹಾಕಿದ್ದರು.

"ಇದು ಸುಲಭ," ಎಂದ ಡ್ಯಾನ್. "ನಸೀಮಾ ಅವರ ಮಾತೃಭಾಷೆ ಇಂಗ್ಲಿಷ್ ಅಲ್ಲ. ಅವರ ಹಾಳೆಯನ್ನು ವಿದ್ಯಾರ್ಥಿಗಳ ಕಡೆಗೆ ಸೇರಿಸಿಬಿಡೋಣ. ಆಗ ಈ ಗುಂಪಿನವರಲ್ಲಿ ಒಬ್ಬರೂ ತಪ್ಪಿಲ್ಲ, ಪ್ರಶ್ನೆ ಉಳಿಯುತ್ತದೆ."

ಅವನ ದನಿಯಲ್ಲಿ ಕುಹಕ ಇರಲಿಲ್ಲ. ಅವನು ಹೇಳಿದ್ದು ಸುಳ್ಳೂ ಅಲ್ಲ. ಕ್ಯಾರಲ್ ನನ್ನ ಕಡೆ ತಿರುಗಿದರು.

"ನೀವೇ ಹೇಳಿ ನಸೀಮಾ. ನಿಮ್ಮನ್ನು ಯಾವ ಕಡೆ ಇಡೋಣ?"

ಈ ದೇಶಕ್ಕೆ ಬಂದ ಮೇಲೆ ಎಷ್ಟೋ ಜನ ನನ್ನನ್ನು ಎಷ್ಟೋ ಕಡೆ ಇಟ್ಟಿದ್ದರು, ಯಾರೂ ಕೇಳಿ ಇಟ್ಟಿರಲಿಲ್ಲ. ಆ ಕಡೆ ಎಂದರೆ ನನ್ನ ಹೊಸ ಜಾಗ ಹೋಗುತ್ತದೆ, ಪ್ರಶ್ನೆ ಉಳಿಯುತ್ತದೆ, ವೆನ್‌ನಂಥವರಿಗೆಲ್ಲ ಒಂದು ಅಂಕ ಕಡಿಮೆ. ಈ ಕಡೆ ಎಂದರೆ ಮಿಶಿಗನ್‌ನವಳಲ್ಲದ ನಾನು ಮಿಶಿಗನ್‌ನವರ ಸಾಲಿನಲ್ಲಿ ಕೂತು ಅವರ ಊಟದ ಮನೆಯ ಬಗ್ಗೆ ತೀರ್ಪು ಕೊಡಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಕಾಣುತ್ತದೇನೋ ಎಂಬ ಅಳುಕೂ ಇತ್ತು.

"ಈ ಕಡೆಯೇ ಇಡಿ," ಎಂದೆ. "ಟೇಪಿನವನು ಏನು ಹೇಳಿದ ಎಂದು ಕೇಳಿ, ಒಂದಕ್ಷರ ಬಿಡದೆ ಹೇಳುತ್ತೇನೆ. ನೀವು ಕೇಳಿದ್ದು ಅದನ್ನಲ್ಲ. ಆ ಮನೆಯಾಕೆ ಏನು ಮಾಡುತ್ತಾಳೆ ಎಂದು ಕೇಳಿದಿರಿ. ಅದು ಇಂಗ್ಲಿಷ್ ಅಲ್ಲ, ಮನೆಯ ರೀತಿ."

"ಆದರೆ ಅವರು ಬದುಕಬೇಕಾದದ್ದು ಈ ಊರಿನ ಮನೆಗಳಲ್ಲಿ," ಎಂದ ಡ್ಯಾನ್.

"ಪಾಠ ಹೇಳಬೇಕಾದದ್ದು ಲ್ಯಾಬಿನಲ್ಲಿ. ಅಲ್ಲಿ ಯಾರೂ ಪೈ ಬಡಿಸುವುದಿಲ್ಲ."

ಕ್ಯಾರಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಸೀಮಾ ಇದ್ದ ಕಡೆಯೇ ಇರಲಿ, ಪ್ರಶ್ನೆ ಹೋಗಲಿ ಎಂದರು. ಡ್ಯಾನ್ ಎರಡು ದಿನ ನನ್ನ ಜೊತೆ ಹವಾಮಾನದ ಬಗ್ಗೆ ಬಿಟ್ಟು ಬೇರೆ ಮಾತಾಡಲಿಲ್ಲ.

ಅವತ್ತು ಮನೆಗೆ ಬಂದು ಬಿರಿಯಾನಿ ಮಾಡಿದೆ. ಇಕ್ಬಾಲ್ ಬಾಗಿಲಲ್ಲೇ ಮೂಗರಳಿಸಿ, "ಏನ ವಿಶೇಷ? ಆಫೀಸಿನ್ಯಾಗ ಜಗಳಾ ಮಾಡಿ ಬಂದಿ ಏನು?" ಎಂದು ಕೇಳಿದರು.

"ಜಗಳಾ ಅಲ್ರೀ, ವಾದಾ."

"ನಿನ್ನ ಕೂಡ ಎರಡೂ ಒಂದ. ಗೆದ್ದಿ?"

"ಗೆದ್ದೆ."

ಅವರು ಉಂಡು ಕೂತಲ್ಲೇ ನಿದ್ದೆ ಹೋದರು. ನಾನು ಮಾತ್ರ ಬಹಳ ಖುಷಿಯಲ್ಲಿದ್ದೆ. ಬಂದು ಇಷ್ಟು ದಿನಕ್ಕೆ ಈ ಊರಿನಲ್ಲಿ ನನ್ನಿಂದ ಒಂದು ನ್ಯಾಯದ ಕೆಲಸ ಆಗಿದೆ ಅನ್ನಿಸಿತ್ತು. ಉತ್ತರದ ಹಾಳೆಗಳಲ್ಲಿ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದ್ದರಿಂದ ಯಾರಿಗೆ ಎಷ್ಟು ಉಪಕಾರವಾಯಿತು ಎಂದು ತಿಳಿಯುವ ದಾರಿ ಇರಲಿಲ್ಲ. ಮನಸ್ಸಿನಲ್ಲಿ ಮಾತ್ರ ಅದನ್ನು ವೆನ್‌ಳ ಹೆಸರಿಗೆ ಬರೆದಿದ್ದೆ.

ಫಲಿತಾಂಶ ಬಂದ ಮೇಲಿನ ಭಾನುವಾರ ವೆನ್ ಮೇಲೆ ಬಂದಳು. ಮೊಟ್ಟೆಯ ಡಬ್ಬಿ ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು, ನಾನು ಕೇಳುವ ಮೊದಲೇ, "ಆಗಲಿಲ್ಲ. ಒಂದು ಉತ್ತರದಲ್ಲಿ ಹೋಯಿತು," ಎಂದಳು.

ಚಹಾ ಮಾಡಿದೆ. ಅವಳೇ ಮಾತಾಡಿದಳು, ಬೇರೆ ಯಾರದೋ ಕಥೆ ಹೇಳುವವಳ ಹಾಗೆ. ವಿಭಾಗದವರು ಆ ಜಾಗವನ್ನು ಆಗಲೇ ಇನ್ನೊಬ್ಬರಿಗೆ ಕೊಟ್ಟಿದ್ದರು. ಡಾಕ್ಟರೇಟ್ ಬಿಟ್ಟು ಎಂ.ಎಸ್. ಪದವಿ ತೆಗೆದುಕೊಂಡು ಹೋಗುವುದು ಎಂದು ತೀರ್ಮಾನಿಸಿದ್ದಳು. ಡೆಟ್ರಾಯಿಟ್ ಹತ್ತಿರ ಕಾರಿನ ಬಣ್ಣ ಪರೀಕ್ಷೆ ಮಾಡುವ ಕಾರ್ಖಾನೆಯಲ್ಲಿ ಕೆಲಸ ಇತ್ತು.

"ವಿಚಿತ್ರ ನೋಡಿ," ಎಂದಳು. "ಇಡೀ ಟೇಪಿನಲ್ಲಿ ಒಂದೇ ಒಂದು ಪ್ರಶ್ನೆಗೆ ನನಗೆ ಅನುಮಾನವೇ ಇರಲಿಲ್ಲ. ಊಟಕ್ಕೆ ಬಂದವನಿಗೆ ಪೈ ಬೇಕೇ ಎಂದು ಕೇಳುವುದು. ನಮ್ಮವರೆಲ್ಲ ಅದನ್ನು ತಪ್ಪು ಮಾಡಿದ್ದರು, ಹೊರಗೆ ಬಂದು ಜಗಳ ಆಡಿದರು. ನಾನು ಸರಿ ಮಾಡಿದ್ದೆ. ಆ ಪ್ರಶ್ನೆಯನ್ನೇ ಲೆಕ್ಕದಿಂದ ತೆಗೆದಿದ್ದಾರಂತೆ."

"ಸರಿ ಮಾಡಿದ್ದೆಯಾ?"

"ಮಾಡದೆ? ಬಂದ ಮೊದಲ ವರ್ಷ ಪ್ರೊಫೆಸರ್ ಮನೆಗೆ ಹಬ್ಬದ ಊಟಕ್ಕೆ ಹೋಗಿದ್ದೆ. ಕೇಳಿದ್ದಕ್ಕೆಲ್ಲ ಬೇಡ ಬೇಡ ಎಂದೆ, ಮರ್ಯಾದೆಗೆ. ಅವರು ಒಂದೊಂದೇ ಪಾತ್ರೆ ತೆಗೆದುಕೊಂಡು ಹೋದರು. ಹಸಿದುಕೊಂಡೇ ಮನೆಗೆ ನಡೆದೆ. ಆ ದಿನವೇ ಕಲಿತೆ. ಅದೊಂದು ಇಂಗ್ಲಿಷನ್ನು ಯಾವ ಟೇಪೂ ನನಗೆ ಕಲಿಸಬೇಕಾಗಿರಲಿಲ್ಲ."

ಹೇಳದೆ ಇರಬಹುದಿತ್ತು. ಕಚೇರಿಯ ನಿಯಮವೂ ಹೇಳಬಾರದು ಎಂದೇ ಇತ್ತು. ಆದರೆ ನನ್ನ ಮನೆಯಲ್ಲಿ ಕೂತು, ನನ್ನ ಚಹಾ ಕುಡಿಯುತ್ತಿರುವವಳ ಮುಂದೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಅದನ್ನು ತೆಗೆಸಿದವಳು ನಾನೇ," ಎಂದೆ.

ವೆನ್ ಕಪ್ ಕೆಳಗಿಟ್ಟಳು. "ಯಾಕೆ?"

"ನಿಮಗೆಲ್ಲ ಅನ್ಯಾಯವಾಗುತ್ತದೆ ಅನ್ನಿಸಿತು. ನಾನೂ ತಪ್ಪು ಮಾಡಿದ್ದೆ."

"ನಮಗೆಲ್ಲ," ಎಂದು ಅವಳು ಮೆಲ್ಲಗೆ ನನ್ನ ಮಾತನ್ನೇ ಹೇಳಿಕೊಂಡಳು.

ನಾಚಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ಆ ಪ್ರಶ್ನೆ ಇರಬಾರದಿತ್ತು ಎಂದು ಇವತ್ತಿಗೂ ಹೇಳುತ್ತೇನೆ. ಆದರೆ ಅವಳನ್ನು ಗುಂಪಿನಲ್ಲಿ ಒಬ್ಬಳೆಂದು ಲೆಕ್ಕ ಹಾಕಿದ್ದೆ. ಅವಳು ಹಸಿದು, ಒಬ್ಬಳೇ ನಡೆದು ಆ ಗುಂಪಿನಿಂದ ಈಚೆಗೆ ಬಂದದ್ದು ನನಗೆ ತಿಳಿದಿರಲಿಲ್ಲ. ನಾಳೆ ಕ್ಯಾರಲ್ ಹತ್ತಿರ ಹೋಗಿ ಮಾತಾಡುತ್ತೇನೆ ಎಂದೆ.

"ಏನೆಂದು ಮಾತಾಡುತ್ತೀರಿ? ಉಳಿದವರಿಗೆ ಅದು ಅನ್ಯಾಯವೇ ತಾನೆ?" ಎಂದಳು ವೆನ್. ಆಮೇಲೆ ಕೇಳಿದಳು, "ನಿಮ್ಮ ಊರಿನಲ್ಲಾದರೆ ಆಕೆ ಬಡಿಸುತ್ತಿದ್ದಳೇ?"

"ಬಡಿಸದೆ ಬಿಡುತ್ತಿರಲಿಲ್ಲ."

"ನಮ್ಮ ಊರಿನಲ್ಲೂ. ನಮ್ಮ ಅಮ್ಮನಾದರೆ ಬಟ್ಟಲು ಕಸಿದುಕೊಂಡು ತುಂಬಿಸುತ್ತಿದ್ದಳು." ಅವಳು ಕಿಟಕಿಯ ಆಚೆ ಕಾರು ನಿಲ್ಲಿಸುವ ಬಯಲನ್ನು ನೋಡಿದಳು. "ಆದರೆ ಪೈ ಇದ್ದದ್ದು ಇಲ್ಲಿ."

ಅವಳ ಕಪ್ ಖಾಲಿಯಾಗಿತ್ತು. ಎದ್ದು ಕೆಟಲ್ ತಂದು, "ಇನ್ನಷ್ಟು ಚಹಾ ಹಾಕಲಾ?" ಎಂದೆ.

ಇಷ್ಟು ದಿನ ನನ್ನ ಮನೆಯಲ್ಲಿ ಏನು ಕೊಟ್ಟರೂ ಒಂದೇ ಮಾತಿಗೆ ಹೂಂ ಎನ್ನುತ್ತಿದ್ದ ಹುಡುಗಿ. ಒಬ್ಬಳೇ ಇರುವವಳ ಹಸಿವು ಎಂದುಕೊಂಡಿದ್ದೆ. ಯಾಕೆಂದು ಈಗ ಗೊತ್ತಾಗಿತ್ತು.

"ಬೇಡ," ಎಂದಳು ವೆನ್.

ಅದು ಚೆಂಗ್ಡುವಿನ ಬೇಡವೋ, ಮಿಶಿಗನ್‌ನ ಬೇಡವೋ ನನಗೆ ತಿಳಿಯಲಿಲ್ಲ. ಸುರಿಯಲೂ ಕೈ ಬರಲಿಲ್ಲ, ಒಳಗೆ ಒಯ್ದಿಡಲೂ ಮನಸ್ಸಾಗಲಿಲ್ಲ. ಕೆಟಲ್ ಹಿಡಿದುಕೊಂಡು ಮೇಜಿನ ಪಕ್ಕ ನಿಂತೇ ಇದ್ದೆ.